ಅತ್ತೆ ನೆಟ್ಟ ಕ್ರಿಸ್‌ಮಸ್ ಮರ

ಮಳೆಗಾಲಕ್ಕೆ ಇನ್ನೂ ಒಂದು ತಿಂಗಳಿತ್ತು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಎದ್ದು ನಿಲ್ಲುವ ಹೊತ್ತಿಗೆ ಪಕ್ಕದ ಮನೆ ರಾಯರು ಕಾಂಪೌಂಡಿನ ಆಚೆಯಿಂದ ಕರೆದರು.

“ನೋಡೀಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಮರ ನಮ್ಮನೆ ಕಡೆ ವಾಲ್ತಾ ಇದೆ. ನಮ್ಮ ಮೊಮ್ಮಗು ಮಲಗೋ ಕೋಣೆ ಅಲ್ಲೇ ಇರೋದು. ಒಂದು ದೊಡ್ಡ ಗಾಳಿ ಬಂದ್ರೆ ಏನ್ಗತಿ? ಮಳೆಗಾಲದೊಳಗೆ ತೆಗೆಸಿಬಿಟ್ರೆ ಎಲ್ಲರಿಗೂ ಒಳ್ಳೇದು.”

ನಾನು ತಲೆ ಎತ್ತಿ ನೋಡಿದೆ. ನಿಜ, ಮರ ದಕ್ಷಿಣಕ್ಕೆ ಸ್ವಲ್ಪ ಬಾಗಿತ್ತು. ಇಷ್ಟು ವರ್ಷ ದಿನವೂ ನೋಡಿದ ಮರವೇ. ಆದರೆ ಆ ದೃಷ್ಟಿಯಿಂದ ಎಂದೂ ನೋಡಿರಲಿಲ್ಲ. ಎದೆ ಧಸಕ್ಕೆಂದಿತು.

ಆ ಮರವನ್ನು ನೆಟ್ಟವರು ನಮ್ಮ ಅತ್ತೆ. 1986ರಲ್ಲಿ ಲಾಲ್‌ಬಾಗಿಗೆ ಹೋದವರು, ಮೊಣಕಾಲುದ್ದದ ಒಂದು ಸಸಿಯನ್ನು ಕುಂಡದ ಸಮೇತ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರಂತೆ. ಕೊಟ್ಟವರು ಹೇಳಿದ ಹೆಸರು ‘ಕ್ರಿಸ್‌ಮಸ್ ಮರ’. “ನಾವು ಮಾಧ್ವರ ಮನೆಯಲ್ಲಿ ಕ್ರಿಸ್‌ಮಸ್ ಮರ ನೆಡೋದೇ?” ಎಂದು ಮಾವನವರು ನಕ್ಕರಂತೆ. ಅದಕ್ಕೆ ಅತ್ತೆ, “ಮರಕ್ಕೆ ಯಾವ ಮತ? ನಮ್ಮ ಗೊಂಬೆ ಹಬ್ಬಕ್ಕೂ ಆಗುತ್ತೆ” ಎಂದರಂತೆ. ಆದದ್ದೂ ಹಾಗೆಯೇ. ನವರಾತ್ರಿಯಲ್ಲಿ ರಾಗಿ ಪೈರಿನ ಪಾರ್ಕು ಮಾಡುವಾಗ ಆ ಮರದ ಎಳೆ ತುದಿಗಳನ್ನು ಚುಚ್ಚಿ ಪುಟ್ಟ ಕಾಡು ಮಾಡುತ್ತಿದ್ದರು. ಉದುರಿದ ಒಣ ಕಡ್ಡಿಗಳನ್ನು ಬಚ್ಚಲ ಒಲೆಗೆ ಹಾಕಿದರೆ ಚಟಪಟನೆ ಹೊತ್ತಿಕೊಂಡು ಹಂಡೆ ನೀರು ಕಾಯುತ್ತಿತ್ತು. ಅತ್ತೆ ಈಗಿಲ್ಲ, ಬಚ್ಚಲ ಒಲೆಯೂ ಇಲ್ಲ. ಮರ ಮಾತ್ರ ನಮ್ಮ ಮಹಡಿಯನ್ನೂ ದಾಟಿ ಅರವತ್ತು ಅಡಿಗೂ ಮೇಲೆ ನಿಂತಿದೆ.

“ಅಮ್ಮನ ಮರ ಅಂತ ಇಟ್ಟುಕೊಂಡು, ನಾಳೆ ಏನಾದರೂ ಆದರೆ?” ಎಂದರು ನಮ್ಮ ಯಜಮಾನರು. ಅವರ ದನಿಯಲ್ಲಿ ಮನಸ್ಸಿಲ್ಲದ ಮನಸ್ಸಿತ್ತು. ಮಗಳು ಮಾತ್ರ, “ಕಡಿಯೋದು ಒಂದು ಗಂಟೆ ಕೆಲಸ. ಮೊದಲು ಅದು ಯಾವ ಮರ, ಯಾಕೆ ಬಾಗಿದೆ ಅಂತ ತಿಳ್ಕೊಳೋಣ. ಅಜ್ಜಿ ಎಲ್ಲಿಂದ ತಂದರೋ ಅಲ್ಲಿಗೇ ಹೋಗಿ ನೋಡೋಣ” ಎಂದಳು. ಹೀಗೆ ಒಂದು ಭಾನುವಾರ ನಾವು ತಾಯಿ ಮಗಳು ಲಾಲ್‌ಬಾಗಿಗೆ ಹೊರಟೆವು.

ಗಾಜಿನ ಮನೆಯ ಸುತ್ತ

ಜಯನಗರದಿಂದ ಮೆಟ್ರೊದಲ್ಲಿ ಲಾಲ್‌ಬಾಗಿಗೆ ಎರಡೇ ನಿಲ್ದಾಣ. ಪಶ್ಚಿಮ ದ್ವಾರದಿಂದ ಒಳಗೆ ಹೋದರೆ ಪೇಟೆಯ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟ ಈಗ 240 ಎಕರೆ ಹರಡಿದೆ. ಆಮೇಲೆ ಬಂದ ಜಾನ್ ಕ್ಯಾಮೆರಾನ್, ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಇವರೆಲ್ಲ ದೇಶವಿದೇಶಗಳ ಗಿಡಗಳನ್ನು ತರಿಸಿ ಇಲ್ಲಿ ನೆಟ್ಟು, ಯಾವುದು ನಮ್ಮ ಹವೆಗೆ ಒಗ್ಗುತ್ತದೆ ಎಂದು ನೋಡಿದವರು. ನಮ್ಮ ಅಡಿಗೆಮನೆಯ ಸೀಮೆಬದನೆಕಾಯಿ ಕೂಡ ಹೀಗೆ ಹೊರಗಿನಿಂದ ಬಂದು ನಮ್ಮದಾದದ್ದೇ ಅಲ್ಲವೆ?

1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಹತ್ತಿರ ಬಂದಾಗ ಮಗಳು ತೋರಿಸಿದಳು. ಗೋಪುರಗಳಂತೆ ಎತ್ತರಕ್ಕೆ ನಿಂತ ಮರಗಳು! ನಮ್ಮ ಮನೆಯ ಮರದ ಅಣ್ಣಂದಿರೇ. ಫಲಪುಷ್ಪ ಪ್ರದರ್ಶನಕ್ಕೆಂದು ಎಷ್ಟು ಸಲ ಇಲ್ಲಿಗೆ ಬಂದಿದ್ದೇನೆ. ಗುಲಾಬಿ, ಡೇಲಿಯಾ ನೋಡಿ ಹೋಗಿದ್ದೇನೆಯೇ ಹೊರತು ಕತ್ತು ಎತ್ತಿ ಇವನ್ನು ನೋಡಿರಲಿಲ್ಲ.

ಇವು ಪೈನ್ ಬಳಗದ ಮರಗಳು, ಸೂಚಿಪರ್ಣಿಗಳು ಎನ್ನುತ್ತಾರೆ. ಈ ಮರಗಳಲ್ಲಿ ನಮಗೆ ಪರಿಚಿತವಾದ ಹೂವಾಗಲಿ ಹಣ್ಣಾಗಲಿ ಬಿಡುವುದಿಲ್ಲ. ಶಂಕುವಿನಂಥ ಕಾಯಿಯ ಪದರಗಳ ನಡುವೆ ಬೀಜ ಕೂತಿರುತ್ತದೆ. ಎಲೆ ಹೆಚ್ಚಾಗಿ ಸೂಜಿಯಂತೆ ಅಥವಾ ಮೀನಿನ ಹುರುಪೆಯಂತೆ ಇರುತ್ತದೆ. ನಮ್ಮ ಸರ್ವೆ ಮರವೂ ಸೂಜಿಯೆಲೆಯದೇ ಅಲ್ಲವೆ ಎಂದು ನಾನು ಕೇಳಿದೆ. ಅಲ್ಲವಂತೆ! ಸರ್ವೆಯಲ್ಲಿ ನಾವು ಎಲೆ ಎಂದುಕೊಳ್ಳುವುದು ಎಳೆಯ ಹಸಿರು ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗೆಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಿನಂತೆ ಇರುತ್ತದೆ. ಸರ್ವೆ ಹೂ ಬಿಡುವ ಮರಗಳ ಕಡೆಯದು. ನೋಡಲು ಒಂದೇ ಥರ, ಕುಲ ಮಾತ್ರ ಬೇರೆ.

ಇನ್ನೊಂದು ಸ್ವಾರಸ್ಯ ಕೇಳಿ. ಹಿಮಾಲಯದ ಕಡೆ ಪೈನ್, ದೇವದಾರು ಎಂದು ಕಾಡುಗಳೇ ಇವೆ. ನಮ್ಮ ದಕ್ಷಿಣದ ಪಶ್ಚಿಮ ಘಟ್ಟಗಳಲ್ಲಿ ಈ ಬಳಗದ ಸ್ವಂತ ಮರ ಎಂದರೆ ಒಂದೇ ಒಂದು ಜಾತಿ. ಅದು ಪೊಡೊಕಾರ್ಪಸ್ ಕುಟುಂಬದ್ದು. ಅದಕ್ಕೆ ಸೂಜಿಯೆಲೆ ಇಲ್ಲ. ಅಗಲವಾದ ಎಲೆ, ನಡುವೆ ದಪ್ಪ ನರವೂ ಇಲ್ಲ. ನೋಡಿದವರು ಪೈನ್ ಬಳಗ ಎಂದು ಕನಸಿನಲ್ಲೂ ಎಣಿಸಲಾರರು. ಮಿಕ್ಕಂತೆ ನಮ್ಮ ತೋಟಗಳಲ್ಲಿ ಕಾಣುವ ಈ ಬಳಗದ ಮರಗಳೆಲ್ಲ ಬೇರೆ ಊರುಗಳಿಂದ ಬಂದ ನೆಂಟರೇ.

ಕ್ಯಾಪ್ಟನ್ ಕುಕ್ ಕಂಡ ಕಂಬಗಳು

ಅತ್ತೆಯ ‘ಕ್ರಿಸ್‌ಮಸ್ ಮರ’ದ ನಿಜವಾದ ಹೆಸರು ಅರಾಕೇರಿಯ. ಯೂರೋಪಿನವರು ಕ್ರಿಸ್‌ಮಸ್ ಹಬ್ಬಕ್ಕೆ ಸಿಂಗರಿಸುವ ಮರವೇ ಬೇರೆ, ಇದೇ ಬೇರೆ. ಸಣ್ಣದಿದ್ದಾಗ ಅಂತಸ್ತು ಅಂತಸ್ತಾಗಿ, ನಕ್ಷತ್ರದಂತೆ ಕೊಂಬೆ ಹರಡಿಕೊಂಡು ಮುದ್ದಾಗಿ ಕಾಣುವುದರಿಂದ ನಮ್ಮಲ್ಲಿ ಆ ಹೆಸರು ಅಂಟಿಕೊಂಡಿದೆ. ಬೆಂಗಳೂರಿನ ಹಳೆಯ ಬಂಗಲೆಗಳ ಮುಂದೆ, ಆ ‘ಮಂಕಿ ಟಾಪ್’ ಮರಗೆಲಸದ ಕಿಟಕಿಗಳ ಎದುರು, ಈ ಮರ ನಿಂತಿರುವುದನ್ನು ನೀವೂ ಕಂಡಿರಬಹುದು.

ನರ್ಸರಿಗಳಲ್ಲಿ ಒಂದೇ ಹೆಸರಿನಲ್ಲಿ ಸಿಗುವ ಈ ಗಿಡದಲ್ಲಿ ಎರಡು ಜಾತಿ ಬೆರೆತುಹೋಗಿವೆ. ಒಂದು ನಾರ್ಫೋಕ್ ದ್ವೀಪದ ಪೈನ್. ಇನ್ನೊಂದು ನ್ಯೂ ಕ್ಯಾಲಡೋನಿಯದ ಕುಕ್ ಪೈನ್. ಎರಡು ದ್ವೀಪಗಳೂ ಆಸ್ಟ್ರೇಲಿಯದ ಪೂರ್ವಕ್ಕೆ ಶಾಂತಸಾಗರದಲ್ಲಿವೆ. 1774ರಲ್ಲಿ ಕ್ಯಾಪ್ಟನ್ ಕುಕ್ ತನ್ನ ಹಡಗಿನಲ್ಲಿ ಈ ಎರಡನ್ನೂ ಕಂಡ. ನ್ಯೂ ಕ್ಯಾಲಡೋನಿಯದ ಹತ್ತಿರ ದೂರದಿಂದ ಸಾಲುಸಾಲಾಗಿ ಕಂಡ ಆಕೃತಿಗಳನ್ನು ನೋಡಿ ಹಡಗಿನ ಪಂಡಿತರು ಕಲ್ಲಿನ ಕಂಬಗಳೆಂದೇ ವಾದಿಸಿದರಂತೆ. ಹತ್ತಿರ ಹೋದಾಗ ಮರಗಳು! ಆ ಪುಟ್ಟ ದ್ವೀಪಕ್ಕೆ ಕುಕ್ ‘ಪೈನ್‌ಗಳ ದ್ವೀಪ’ ಎಂದೇ ಹೆಸರಿಟ್ಟ.

ಸಸಿಯಾಗಿದ್ದಾಗ ಇವೆರಡನ್ನು ಗುರುತಿಸುವುದು ಅಕ್ಕತಂಗಿಯರ ಅವಳಿ ಮಕ್ಕಳನ್ನು ಗುರುತಿಸಿದಷ್ಟೇ ಕಷ್ಟ. ಬೆಳೆದ ಮೇಲೆ ಸುಲಭ. ನಾರ್ಫೋಕ್ ಪೈನ್ ಕೆಳಗೆ ಅಗಲವಾಗಿ, ಮೇಲೆ ಚೂಪಾಗಿ ತ್ರಿಕೋನದಂತೆ ಇರುತ್ತದೆ. ಕುಕ್ ಪೈನ್ ಹಳೆಯ ಕೊಂಬೆಗಳನ್ನು ಉದುರಿಸಿ ಕಾಂಡದಿಂದ ಮತ್ತೆ ಗಿಡ್ಡ ಕೊಂಬೆಗಳನ್ನು ಹೊರಡಿಸುತ್ತದೆ. ಹಾಗಾಗಿ ಬಾಟಲಿ ತೊಳೆಯುವ ಬ್ರಷ್ಷಿನಂತೆ ಸಪೂರ ಕಂಬವಾಗಿ ಕಾಣುತ್ತದೆ. ನಮ್ಮ ಮನೆಯದು ಈ ಎರಡನೆಯದು ಎಂದು ಅಲ್ಲೇ ಖಾತ್ರಿಯಾಯಿತು. ತಾಯ್ನಾಡಿನಲ್ಲಿ ಇದು 200 ಅಡಿಯವರೆಗೂ ಬೆಳೆಯಬಲ್ಲದು. ಅತ್ತೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದದ್ದು ಇಂಥ ಮರವನ್ನು!

ವಾಲುವುದೇ ಅದರ ಗುಣ

ಅಷ್ಟರಲ್ಲಿ ಮಗಳು ಫೋನಿನಲ್ಲಿ ಏನನ್ನೋ ಓದಿ, “ಅಮ್ಮಾ, ಇಲ್ಲಿ ಕೇಳು” ಎಂದು ಕೂಗಿದಳು. 2017ರಲ್ಲಿ ಕ್ಯಾಲಿಫೋರ್ನಿಯದ ಸಸ್ಯವಿಜ್ಞಾನಿಗಳು ಐದು ಖಂಡಗಳಲ್ಲಿ 256 ಕುಕ್ ಪೈನ್ ಮರಗಳನ್ನು ಅಳೆದು ನೋಡಿದ್ದಾರೆ. ಭೂಮಧ್ಯರೇಖೆಯ ಉತ್ತರಕ್ಕಿರುವ ಮರಗಳು ದಕ್ಷಿಣಕ್ಕೆ ವಾಲುತ್ತವೆ, ದಕ್ಷಿಣಕ್ಕಿರುವವು ಉತ್ತರಕ್ಕೆ ವಾಲುತ್ತವೆ. ಎಂದರೆ ಎಲ್ಲವೂ ಭೂಮಧ್ಯರೇಖೆಯ ಕಡೆಗೇ ತಲೆ ಬಾಗುತ್ತವೆ! ಸರಾಸರಿ ವಾಲು ಎಂಟೂವರೆ ಡಿಗ್ರಿ. ಇಟಲಿಯ ಪೀಸಾ ಗೋಪುರದ ಎರಡರಷ್ಟು. ರೇಖೆಯಿಂದ ದೂರ ಹೋದಷ್ಟೂ ವಾಲು ಹೆಚ್ಚಂತೆ. ಬಿಸಿಲಿನ ಕಡೆಗೆ ಬಾಗುವ ಗುಣವನ್ನು ಮಿಕ್ಕ ಮರಗಳು ತಿದ್ದಿಕೊಂಡು ನೆಟ್ಟಗಾಗುತ್ತವೆ, ಇದು ತಿದ್ದಿಕೊಳ್ಳುವುದಿಲ್ಲ ಎಂಬುದು ಅವರ ಊಹೆ.

ನನಗೆ ನಂಬಿಕೆ ಬರಲಿಲ್ಲ. ಫೋನಿನಲ್ಲೇ ದಿಕ್ಸೂಚಿ ಹಾಕಿಕೊಂಡು ಒಂದೊಂದು ಮರದ ಬುಡದಲ್ಲೂ ನಿಂತೆವು. ಬೆಂಗಳೂರು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ದೂರ. ಹಾಗಾಗಿ ವಾಲು ಅಷ್ಟೇನೂ ಢಾಳಾಗಿಲ್ಲ. ಒಂದೆರಡು ಮರ ನೆಟ್ಟಗೇ ನಿಂತಿದ್ದವು. ಆದರೆ ಬಾಗಿದ್ದವು ಯಾವ ಕಡೆ ಎನ್ನುತ್ತೀರಿ? ದಕ್ಷಿಣಕ್ಕೆ! ವಾಕಿಂಗ್ ಬಂದವರೆಲ್ಲ ನಮ್ಮನ್ನು ವಿಚಿತ್ರವಾಗಿ ನೋಡಿದರು. ಒಬ್ಬ ಹಿರಿಯ ಮಾಲಿ ನೀರಿನ ಪೈಪು ಬಿಟ್ಟು ಹತ್ತಿರ ಬಂದು, “ಏನಮ್ಮಾ ಕಳಕೊಂಡ್ರಿ?” ಎಂದು ಕೇಳಿದರು.

ವಿಷಯ ಹೇಳಿದೆ. ಅವರು ನಕ್ಕು, “ವಾಲಿರೋದು ನೋಡಿ ಹೆದರಬಾರದು ತಾಯಿ. ಹೊಸದಾಗಿ ವಾಲಿದ್ದರೆ ಹೆದರಬೇಕು” ಎಂದರು. “ಸೊಂಟ ಬಗ್ಗಿದ ಮುದುಕಿ ಬೀಳಲ್ಲ. ನಿನ್ನೆ ನೆಟ್ಟಗಿದ್ದವಳು ಇವತ್ತು ಬಗ್ಗಿದರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.”

ಬುಡ ನೋಡುವುದನ್ನೂ ಅವರೇ ಕಲಿಸಿಕೊಟ್ಟರು. ಮರ ವಾಲಿದ ದಿಕ್ಕಿನ ಹಿಂದುಗಡೆ ಮಣ್ಣು ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ? ಬೇರು ಎದ್ದು ಕಾಣುತ್ತಿದೆಯೇ? ಬುಡದಲ್ಲಿ ಅಣಬೆ ಬಂದಿದೆಯೇ? ಕಾಂಡಕ್ಕೆ ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ಹತ್ತಿರದಲ್ಲಿ ಯಾರಾದರೂ ಪೈಪಿಗೋ ಪಾಯಕ್ಕೋ ಅಗೆದು ಬೇರು ಕಡಿದಿದ್ದಾರೆಯೇ? ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದರು: “ನೆಲಕ್ಕೆ ಹಾಕೋ ಮುಂಚೆ ಎಷ್ಟು ವರ್ಷ ಕುಂಡದಲ್ಲಿತ್ತು?”

ಕುಂಡದಲ್ಲಿ ಬಹಳ ವರ್ಷ ಇದ್ದ ಗಿಡದ ಬೇರು ಒಳಗೇ ಶಾವಿಗೆಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸದೆ ಹಾಗೇ ನೆಲಕ್ಕೆ ಇಟ್ಟರೆ ಬೇರು ಹೊರಗೆ ಹರಡದೆ, ಮರ ದೊಡ್ಡದಾದ ಮೇಲೆ ಬುಡ ಗಟ್ಟಿಯಿರುವುದಿಲ್ಲ. ಅಂಥವು ಗಾಳಿಗೆ ಉರುಳುತ್ತವೆ. ಅತ್ತೆ ತಂದ ವರ್ಷದ ಮಳೆಗಾಲದಲ್ಲೇ ನೆಟ್ಟಿದ್ದರೆಂದು ನಮ್ಮ ಯಜಮಾನರು ಹೇಳಿದ್ದು ನೆನಪಾಯಿತು. ಅರ್ಧ ಭಾರ ಇಳಿದಂತಾಯಿತು.

ನಾನು ಕಳೆದುಕೊಂಡ ದೇವದಾರು

ಮರದ ನೆರಳಿನ ಬೆಂಚಿನ ಮೇಲೆ ಕೂತು ಮನೆಯಿಂದ ತಂದ ಅವಲಕ್ಕಿ ತಿನ್ನುವಾಗ ನನ್ನ ಹಳೆಯ ತಪ್ಪೊಂದು ಜ್ಞಾಪಕಕ್ಕೆ ಬಂತು. ಹೇಳಿಬಿಡುತ್ತೇನೆ. ಓದಿದ ನೀವಾದರೂ ಎಚ್ಚರವಾಗಿರಿ.

ವರ್ಷಗಳ ಹಿಂದೆ ಶಿಮ್ಲಾಕ್ಕೆ ಹೋದಾಗ ದೇವದಾರು ಕಾಡು ನೋಡಿ ಮರುಳಾದೆ. ಆ ಪರಿಮಳ, ಆ ಬೂದು ಹಸಿರು ಬಣ್ಣ! ಒಂದು ಪುಟ್ಟ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದೆ. ಮಗುವಿನಂತೆ ನೋಡಿಕೊಂಡೆ. ಮೊದಲ ವರ್ಷ ಚಿಗುರಿತು. ಎರಡನೆಯ ಬೇಸಿಗೆಯಲ್ಲಿ ತುದಿಯಿಂದ ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದೇನೋ ಎಂದು ಇನ್ನಷ್ಟು ನೀರು ಹಾಕಿದೆ. ಅದರಿಂದ ಬೇರೂ ಕೊಳೆಯಿತು. ಸರಿ, ಹೋಯಿತು.

ಆಮೇಲೆ ತಿಳಿಯಿತು. ದೇವದಾರಿಗೆ ಚಳಿಗಾಲದಲ್ಲಿ ಹಿಮದ ತಂಪು ಬೇಕು, ವಿಶ್ರಾಂತಿ ಬೇಕು. ನಮ್ಮ ಬೆಂಗಳೂರಿನ ಚಳಿ ಅದಕ್ಕೆ ಚಳಿಯೇ ಅಲ್ಲ. ಊಟಿಯಿಂದ ಸಸಿ ತರುವವರಿಗೂ ಇದೇ ಮಾತು. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿ ಏಳು ಸಾವಿರ ಅಡಿ ಮೇಲಿನ ಊಟಿಗೆ ಹೋದರೆ ಎಲ್ಲೆಲ್ಲೂ ಸೈಪ್ರೆಸ್ ಮರಗಳು. 1848ರಲ್ಲಿ ಆರಂಭವಾದ ಅಲ್ಲಿನ ಸಸ್ಯೋದ್ಯಾನದಲ್ಲಿ ‘ಮಂಗನೂ ಹತ್ತಲಾಗದ ಮರ’ ಎಂದು ತೋರಿಸುವ ಮುಳ್ಳೆಲೆಯ ಅರಾಕೇರಿಯವೂ ಉಂಟು. ನೋಡಿ ಕಣ್ಣು ತುಂಬಿಕೊಳ್ಳಿ. ನಿಂಬೆ ವಾಸನೆಯ ಹೊಂಬಣ್ಣದ ಸೈಪ್ರೆಸ್ ಕುಂಡಗಳು ಈಗ ಬೆಂಗಳೂರಿನ ನರ್ಸರಿಗಳಲ್ಲೂ ಸಿಗುತ್ತವೆ. ಬಹಳ ಚೆಂದ. ಆದರೆ ಒಂದು ದಿನ ಮಣ್ಣು ಪೂರಾ ಒಣಗಿದರೂ ಸಾಕು, ಕಂದಾಗಿಬಿಡುತ್ತದೆ. ಕಂದಾದ ಭಾಗ ಮತ್ತೆ ಹಸಿರಾಗುವುದಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಯ ಸೋದರಿಯರು ಇದರ ಆಸೆಯನ್ನೇ ಬಿಡುವುದು ಲೇಸು. ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರು ಧೈರ್ಯವಾಗಿ ಪ್ರಯತ್ನಿಸಬಹುದು.

ಯಾರ ಮನೆಗೆ ಯಾವ ಮರ?

ಮಾಲಿ ಹೇಳಿದ್ದು, ಓದಿ ತಿಳಿದದ್ದು, ಪೆಟ್ಟು ತಿಂದು ಕಲಿತದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಅರಾಕೇರಿಯ: ದೊಡ್ಡ ತೋಟ, ಎಸ್ಟೇಟು, ಶಾಲೆಯ ಆವರಣ ಇದ್ದವರಿಗೆ ಇದಕ್ಕಿಂತ ಗಂಭೀರವಾದ ಮರ ಬೇರೆಯಿಲ್ಲ. ಮನೆಯಿಂದಲೂ ಕಾಂಪೌಂಡಿನಿಂದಲೂ ಕನಿಷ್ಠ 25 ಅಡಿ ದೂರವಿರಲಿ. 30-40ರ ಸೈಟಿನಲ್ಲಿ ನೆಲಕ್ಕೆ ಖಂಡಿತ ಬೇಡ. ಕುಂಡದಲ್ಲಾದರೆ ಹಲವು ವರ್ಷ ಸುಖವಾಗಿರುತ್ತದೆ. ಬೆಳಕು ಚೆನ್ನಾಗಿ ಬರುವ ಕಿಟಕಿಯ ಬಳಿ ಇಟ್ಟು, ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿ. ಇಲ್ಲದಿದ್ದರೆ ಒಂದೇ ಕಡೆಗೆ ಬೆಳೆಯುತ್ತದೆ. ಕತ್ತಲೆಯಲ್ಲಿಟ್ಟರೆ ಕೆಳಗಿನ ಕೊಂಬೆಗಳು ಉದುರುತ್ತವೆ. ಕುಂಡದ ಗಿಡದಲ್ಲಿ ಹಾಗೆ ಬೋಳಾದ ಬುಡ ಮತ್ತೆ ತುಂಬಿಕೊಳ್ಳುವುದಿಲ್ಲ.

ಇದರ ತುದಿಯನ್ನು ಯಾವ ಕಾರಣಕ್ಕೂ ಚಿವುಟಬೇಡಿ. ತುದಿ ಹೋದರೆ ಎರಡು ಮೂರು ತಲೆ ಒಡೆದು ಆಕಾರವೇ ಕೆಡುತ್ತದೆ. ಇನ್ನೊಂದು ಗುಟ್ಟು: ಪಕ್ಕದ ಕೊಂಬೆ ಮುರಿದು ನೆಟ್ಟು ಗಿಡ ಮಾಡುತ್ತೇನೆಂದರೆ ಅದು ಬೇರು ಬಿಟ್ಟರೂ ಜೀವಮಾನವಿಡೀ ಅಡ್ಡಡ್ಡವಾಗಿಯೇ ಬೆಳೆಯುತ್ತದೆ, ಮೇಲಕ್ಕೆ ಏಳುವುದಿಲ್ಲ. ನೆಟ್ಟನೆಯ ಮರ ಬೇಕಾದರೆ ಬೀಜದ ಸಸಿಯೇ ಆಗಬೇಕು, ಇಲ್ಲವೆ ತುದಿಯ ಕಡ್ಡಿಯೇ ಆಗಬೇಕು. ಕೊಳ್ಳುವಾಗ ನಡುವೆ ನೇರವಾದ ಒಂದೇ ತುದಿ ಇದೆಯೇ, ಸುತ್ತಲೂ ಕೊಂಬೆ ಸಮವಾಗಿದೆಯೇ ನೋಡಿ ತನ್ನಿ. ಕೆಲವರು ಪೊದೆಯಾಗಿ ಕಾಣಲೆಂದು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿ ಇಟ್ಟು ಮಾರುತ್ತಾರೆ. ಅಂಥದ್ದು ನೆಲಕ್ಕೆ ಬೇಡ.

ತೂಜಾ: ಬೀಸಣಿಗೆಯಂಥ ಚಪ್ಪಟೆ ಎಲೆಯ ಈ ಗಿಡ ಎಲ್ಲರಿಗೂ ಗೊತ್ತು. ಪುಸ್ತಕದೊಳಗೆ ಇಟ್ಟರೆ ವಿದ್ಯೆ ಬರುತ್ತದೆಂದು ಚಿಕ್ಕಂದಿನಲ್ಲಿ ಕಿತ್ತು ಇಟ್ಟುಕೊಂಡವರೂ ಇದ್ದೀರಿ. ಸಣ್ಣ ಅಂಗಳಕ್ಕೆ, ಗೇಟಿನ ಎರಡು ಪಕ್ಕಕ್ಕೆ, ಬೇಲಿಗೆ ಒಳ್ಳೆಯದು. ಬಯಲುಸೀಮೆಯ ಬಿಸಿಲನ್ನೂ ತಡೆಯುತ್ತದೆ. ಒತ್ತಾಗಿ ನೆಟ್ಟರೆ ಒಳಗೆ ಗಾಳಿಬೆಳಕು ಸಾಲದೆ ಎಲೆ ಒಣಗುತ್ತದೆ. ಬೇಸಿಗೆಯಲ್ಲಿ ಕೆಂಪು ನುಸಿ ಹತ್ತುವುದುಂಟು. ವಾರಕ್ಕೆರಡು ಸಲ ಪೈಪಿನಿಂದ ಎಲೆಗೆ ರಭಸವಾಗಿ ನೀರು ಹೊಡೆದರೆ ಹಿಡಿತಕ್ಕೆ ಬರುತ್ತದೆ. ಎಲೆಯಲ್ಲಿ ವಿಷದ ಅಂಶವಿದೆ. ಮಕ್ಕಳೂ ದನಕರುಗಳೂ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಪೊಡೊಕಾರ್ಪಸ್: ಕಡು ಹಸಿರಿನ ನೀಳ ಎಲೆ, ನಿಧಾನದ ಬೆಳವಣಿಗೆ. ಅರೆನೆರಳಲ್ಲೂ ಬರುತ್ತದೆ. ಕತ್ತರಿಸಿದರೆ ಮತ್ತೆ ಚಿಗುರುವ ಸ್ವಭಾವ. ಫ್ಲ್ಯಾಟಿನ ಬಾಲ್ಕನಿಗೆ ಇದನ್ನೇ ನಾನು ಹೇಳುವುದು. ಇದರ ಬೀಜವನ್ನೂ ಮಕ್ಕಳ ಕೈಗೆ ಕೊಡಬೇಡಿ.

ಜುನಿಪರ್: ನೆಲದ ಮೇಲೆ ಹರಡುವ ಜಾತಿ, ನೆಟ್ಟಗೆ ನಿಲ್ಲುವ ಜಾತಿ ಎರಡೂ ಸಿಗುತ್ತವೆ. ಪೂರ್ತಿ ಬಿಸಿಲು ಬೇಕು, ನೀರು ಕಡಿಮೆ ಸಾಕು. ನಮ್ಮ ಹೆಂಗಸರ ಕೈಯಲ್ಲಿ ಇದು ಸಾಯುವುದು ಅತಿ ನೀರಿನಿಂದ!

ನೆಡುವ ವಿಧಾನ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಜೂನ್-ಜುಲೈನಲ್ಲಿ ಎರಡಡಿ ಉದ್ದಗಲ ಆಳದ ಗುಂಡಿ ತೆಗೆದು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ನೀರು ನಿಲ್ಲಬಾರದು, ಅದು ಮುಖ್ಯ. ಕುಂಡದಿಂದ ತೆಗೆದ ಬೇರು ಸುತ್ತಿಕೊಂಡಿದ್ದರೆ ಕೈಯಿಂದ ಮೆಲ್ಲಗೆ ಬಿಡಿಸಿ. ಕುಂಡದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅಷ್ಟೇ ಆಳಕ್ಕೆ ಇಡಿ, ಕಾಂಡ ಹೂಳಬೇಡಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ಬುಡಕ್ಕೆ ಒಣ ತರಗೆಲೆ ಮುಚ್ಚಿದರೆ ತಂಪಾಗಿರುತ್ತದೆ. ತೂಜಾ, ಸೈಪ್ರೆಸ್ ಕತ್ತರಿಸುವಾಗ ಹಸಿರು ಭಾಗವನ್ನಷ್ಟೇ ಕತ್ತರಿಸಿ. ಒಳಗಿನ ಬೋಳು ಕಟ್ಟಿಗೆಯವರೆಗೆ ಕತ್ತರಿಸಿದರೆ ಮತ್ತೆ ಚಿಗುರದು.

ಮನೆಯ ಅಂಗಳವೂ ಒಂದು ಆಶ್ರಯ

ಅಪರೂಪದ ಮರ ಮನೆಯಲ್ಲಿ ಬೆಳೆಸುವುದು ಬರೀ ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೊಂದು ಉತ್ತರ ಆಸ್ಟ್ರೇಲಿಯದಲ್ಲಿದೆ. 1994ರಲ್ಲಿ ಸಿಡ್ನಿ ನಗರದ ಹತ್ತಿರದ ಬೆಟ್ಟಗಳ ಆಳವಾದ ಕಣಿವೆಯೊಂದರಲ್ಲಿ ಅರಣ್ಯ ರಕ್ಷಕನೊಬ್ಬ ಯಾರೂ ಕಂಡಿರದ ಮರವೊಂದನ್ನು ಕಂಡ. ಅದೇ ವಾಲೆಮೈ ಪೈನ್. ನಮ್ಮ ಅರಾಕೇರಿಯದ ಕುಟುಂಬಕ್ಕೇ ಸೇರಿದ್ದು. ಡೈನೋಸಾರ್ ಕಾಲದ ಬಳಗದ ಕುಡಿ. ಕಾಡಿನಲ್ಲಿ ಉಳಿದಿದ್ದ ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಕಳ್ಳರ ಕಣ್ಣು ಬೀಳದಿರಲೆಂದು ಆ ಜಾಗವನ್ನು ಗುಟ್ಟಾಗಿಟ್ಟು, ಅಲ್ಲಿನವರು ಅದರ ಸಸಿ ಬೆಳೆಸಿ ಮನೆಮನೆಯ ತೋಟಗಳಿಗೆ ಮಾರಿದರು. 2019-20ರ ಕಾಳ್ಗಿಚ್ಚಿನಲ್ಲಿ ಬೆಂಕಿ ಆ ಕಣಿವೆಗೇ ನುಗ್ಗಿದಾಗ ಅಗ್ನಿಶಾಮಕ ದಳದವರು ಹೆಲಿಕಾಪ್ಟರಿನಿಂದ ಇಳಿದು ನೀರು ಹಾಯಿಸಿ ಅವನ್ನು ಉಳಿಸಿದರು. ಕಾಡಿನ ಮರಕ್ಕೆ ಏನಾದರೂ ಆದರೂ ಅದರ ಸಂತಾನ ಎಲ್ಲೋ ಒಬ್ಬಾಕೆಯ ಹಿತ್ತಿಲಲ್ಲಿ ಬದುಕಿರುತ್ತದೆ. ಇದು ಸಣ್ಣ ಮಾತೇ?

ಕೊನೆಗೆ ಏನಾಯಿತು?

ಮನೆಗೆ ಬಂದವಳೇ ಹಳೆಯ ಆಲ್ಬಮ್ ತೆಗೆದೆ. 1998ರಲ್ಲಿ ನಮ್ಮ ನಾದಿನಿಯ ಮದುವೆಯ ನಾಂದಿಯ ದಿನ ಎಲ್ಲರೂ ಅಂಗಳದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತು. ಹಿಂದೆ ಮರ. ಆಗಲೇ ದಕ್ಷಿಣಕ್ಕೆ ಬಾಗಿತ್ತು! ಮಗಳು ಅದೇ ಜಾಗದಲ್ಲಿ ನಿಂತು ಹೊಸ ಫೋಟೋ ತೆಗೆದು ಪಕ್ಕಪಕ್ಕ ಇಟ್ಟಳು. ಎತ್ತರ ದುಪ್ಪಟ್ಟಾಗಿದೆ, ಬಾಗು ಅಷ್ಟೇ ಇದೆ.

ಹಾಗೆಂದು ನಾವೇ ತೀರ್ಪು ಕೊಡಲಿಲ್ಲ. ಮಗುವಿನ ಕೋಣೆಯ ಪ್ರಶ್ನೆ ಅದು. ತೋಟಗಾರಿಕೆಯಲ್ಲಿದ್ದು ನಿವೃತ್ತರಾದ ಪರಿಚಿತರೊಬ್ಬರನ್ನು ಕರೆಸಿ, ರಾಯರ ಎದುರಿಗೇ ಬುಡ ನೋಡಿಸಿದೆವು. ಮಣ್ಣು ಬಿರುಕಿಲ್ಲ, ಬೇರು ಎದ್ದಿಲ್ಲ, ಟೊಳ್ಳಿಲ್ಲ. ಆದರೆ ರಾಯರ ಮನೆ ಕಡೆ ಒಣಗಿದ ಕೊಂಬೆಗಳು ಒಂದಷ್ಟು ಇದ್ದವು. ಅವನ್ನು ತೆಗೆಸಲು ಹೇಳಿದರು. ತಪ್ಪು ನಮ್ಮದೂ ಇತ್ತೆನ್ನಿ. ಉದುರಿದ ಕಡ್ಡಿಗಳು ಅವರ ತಾರಸಿಯ ನೀರಿನ ಕೊಳವೆಗೆ ಸಿಕ್ಕಿಕೊಳ್ಳುತ್ತಿದ್ದುದನ್ನು ಇಷ್ಟು ವರ್ಷ ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ, ಗಾಳಿಮಳೆ ಶುರುವಾಗುವ ಮೊದಲು, ಬುಡ ಪರೀಕ್ಷೆ ಮಾಡಿಸುವುದು, ಅವರ ತಾರಸಿಯ ಕೊಳವೆ ನಾವೇ ಶುಚಿ ಮಾಡಿಸುವುದು ಎಂದು ಒಪ್ಪಂದವಾಯಿತು. ಬುಡದಲ್ಲಿ ಏನಾದರೂ ಬದಲಾವಣೆ ಕಂಡರೆ ತೆಗೆಸಲು ನಾವು ಸಿದ್ಧ ಎಂದೂ ಮಾತು ಕೊಟ್ಟೆವು. ಮನಸ್ಸಿಗೆ ಕಷ್ಟವಾದರೂ ಅದು ನ್ಯಾಯ. ಒಂದು ಮಾತು ನೆನಪಿರಲಿ: 1976ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮದೇ ಅಂಗಳದ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗಷ್ಟೇ ವಿನಾಯಿತಿ.

ಆ ಮಳೆಗಾಲ ಕಳೆಯಿತು. ಗಾಳಿ ಜೋರಾದ ರಾತ್ರಿಗಳಲ್ಲಿ ನಾನೂ ಎದ್ದು ಕಿಟಕಿಯಿಂದ ನೋಡಿದ್ದುಂಟು. ಮರದ ತುದಿ ತೂಗುತ್ತಿತ್ತು, ಬುಡ ಅಲುಗಲಿಲ್ಲ. ನವರಾತ್ರಿಗೆ ಗೊಂಬೆ ಕೂರಿಸಿದಾಗ ರಾಯರ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ಅರಿಸಿನ ಕುಂಕುಮಕ್ಕೆ ಬಂದರು. ಮಗು ನೇರ ಪಾರ್ಕಿನ ಹತ್ತಿರ ಹೋಗಿ ರಾಗಿ ಪೈರಿನ ನಡುವಿನ ಪುಟ್ಟ ಮರವನ್ನು ಹಿಡಿದುಕೊಂಡಿತು, ಬಿಡಲೊಲ್ಲದು! ಆಕೆ ನಗುತ್ತಾ, “ಇಂಥದ್ದು ಒಂದು ಸಸಿ ನಮಗೂ ತರಿಸಿಕೊಡ್ರೀ” ಎಂದರು.

“ತರಿಸೋಣ, ಆದರೆ ಕುಂಡದಲ್ಲಿ ಮಾತ್ರ” ಎಂದೆ ನಾನು.

ಸೋದರಿಯರೆ, ನರ್ಸರಿಯಲ್ಲಿ ಮೊಣಕಾಲುದ್ದದ ಸಸಿ ಕಂಡು ಮನಸ್ಸು ಸೋತಾಗ ಬೆಲೆ ಕೇಳುವ ಮೊದಲು, ಬೆಳೆದರೆ ಎಷ್ಟಾಗುತ್ತದೆ ಎಂದು ಕೇಳಿ. ನಿಮ್ಮ ಅಂಗಳಕ್ಕೆ ಬಂದು ನಿಂತು ಒಮ್ಮೆ ತಲೆ ಎತ್ತಿ ಮೇಲೆ ನೋಡಿ. ಕರೆಂಟಿನ ತಂತಿ ಇದೆಯೇ, ಮಹಡಿಯ ಚಾಚು ಇದೆಯೇ, ಪಕ್ಕದವರ ಕಿಟಕಿ ಇದೆಯೇ? ನೆಲದಲ್ಲಿ ಸಂಪು ಎಲ್ಲಿದೆ, ಪೈಪು ಎಲ್ಲಿ ಹೋಗಿದೆ? ಎಲ್ಲ ಸರಿಯಿದ್ದರೆ ಧಾರಾಳವಾಗಿ ನೆಡಿ. ನಲವತ್ತು ವರ್ಷದ ಮೇಲೆ ನಿಮ್ಮ ಸೊಸೆಯೋ ಮೊಮ್ಮಗಳೋ ಅದರ ಬುಡದಲ್ಲಿ ನಿಂತು ನಿಮ್ಮನ್ನು ನೆನೆಯುತ್ತಾಳೆ, ನಾನು ಅತ್ತೆಯನ್ನು ನೆನೆಯುವ ಹಾಗೆ.